ಕಣದಲ್ಲಿ ಕಟ್ಟಿದ ಕಯಾಕ್

ಜುಲೈ ತಿಂಗಳಲ್ಲಿ, ಕೊಡಗಿನ ಚೆಟ್ಟಳ್ಳಿಯ ಮಳೆಯಲ್ಲಿ, ಕಾಫಿ ಗೋದಾಮಿನೊಳಗೆ ಕೂತು ಮರದ ಕಯಾಕ್, ಎಂದರೆ ಕೂತು ಹುಟ್ಟು ಹಾಕುವ ಕಿರಿದಾದ ದೋಣಿ, ಕಟ್ಟಲು ಹೊರಟ ದಡ್ಡಿ ನಾನು. ತೋಟದಲ್ಲಿ ಕೆಲಸ ಕಮ್ಮಿ, ಹೊರಗೆ ಕಾಲಿಟ್ಟರೆ ಜಿಗಣೆ, ಇದಕ್ಕಿಂತ ಒಳ್ಳೆಯ ಸಮಯ ಇನ್ಯಾವಾಗ ಸಿಗುತ್ತದೆ ಅಂದುಕೊಂಡಿದ್ದೆ. ಎಪಾಕ್ಸಿ ಎಂಬ ಅಂಟು ರಾಳ ಬಳಿದ ಮರುದಿನ ಹಲಗೆಯ ಮೇಲೆ ಕೈಯಾಡಿಸಿದರೆ ಮೇಣದಬತ್ತಿ ಉಜ್ಜಿದ ಹಾಗೆ ಜಾರುತ್ತಿತ್ತು. ಎಷ್ಟು ನುಣುಪಾಗಿ ಬಂದಿದೆ ಅಂತ ಖುಷಿಪಟ್ಟು ಅದರ ಮೇಲೆಯೇ ಇನ್ನೊಂದು ಸಲ ಬಳಿದೆ. ಹದಿನೈದು ದಿನಕ್ಕೆ ಆ ಎರಡನೇ ಪದರ, ಉಗುರು ಕೊಟ್ಟು ಎಳೆದರೆ ಕಾದ ಹಾಲಿನ ಕೆನೆಯಂತೆ ಎದ್ದು ಬಂತು.

ಎಪಾಕ್ಸಿ ಗಟ್ಟಿಯಾಗಲೆಂದು ಬೆರೆಸುವ ಹಾರ್ಡನರ್‌ನಲ್ಲಿ ಅಮೈನ್ ಎಂಬ ರಾಸಾಯನಿಕ ಇರುತ್ತದೆ. ಅದು ಗಾಳಿಯ ತೇವ, ಇಂಗಾಲದ ಡೈಆಕ್ಸೈಡ್ ಎರಡರ ಜೊತೆ ಸೇರಿ ಮೇಲೆ ಜಿಡ್ಡಿನ ಪೊರೆ ಕಟ್ಟುತ್ತದೆ. ಚಳಿ, ಥಂಡಿ ಹೆಚ್ಚಿದಷ್ಟೂ ಪೊರೆಯೂ ಹೆಚ್ಚು. ಅದನ್ನು ತೆಗೆಯುವುದು ಕಷ್ಟವಲ್ಲ, ಬರೀ ನೀರು ಮತ್ತು ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ ಸಾಕು. ಆದರೆ ತೊಳೆಯದೆ ಉಪ್ಪು ಕಾಗದ ಹಾಕಿದಿರೋ, ಜಿಡ್ಡು ಅಲ್ಲೇ ಮೆತ್ತಿಕೊಂಡು ಕೂರುತ್ತದೆ. ಮೊದಲು ನೀರು, ಒಣಗಿದ ಮೇಲೆ ಕಾಗದ. ಇದು ಗೊತ್ತಾಗುವ ಹೊತ್ತಿಗೆ ನನ್ನ ಮೊದಲ ದೋಣಿ ಕೋಳಿಗೂಡಿನ ಮಾಡು ಆಗಿತ್ತು. ಈಗಲೂ ಹಾಗೇ ಇದೆ, ಕೋಳಿಗಳಿಂದ ದೂರು ಬಂದಿಲ್ಲ.

ಎರಡನೆಯದು ನೀರಿಗಿಳಿದು ನಾಲ್ಕು ಮಳೆಗಾಲ ಕಂಡಿದೆ. ಹದಿಮೂರೂವರೆ ಅಡಿ ಉದ್ದ, 27 ಇಂಚು ಅಗಲ, 23 ಕೆ.ಜಿ. ತೂಕ. ಐವತ್ತು ಕೆ.ಜಿ.ಯ ಕಾಫಿ ಚೀಲದ ಅರ್ಧಕ್ಕಿಂತ ಕಮ್ಮಿ, ಒಬ್ಬಳೇ ಹೆಗಲಿಗೆ ಹಾಕಿಕೊಂಡು ಕೆರೆಗೆ ಹೋಗುತ್ತೇನೆ. ಲೈಫ್ ಜಾಕೆಟ್ಟೂ ಸೇರಿ ಸುಮಾರು 26,000 ರೂಪಾಯಿ ಖರ್ಚಾಯಿತು. ಕೋಳಿಗೂಡಿನ ಲೆಕ್ಕ ಬೇರೆ.

ಯಾವಾಗ ಶುರು ಮಾಡಬೇಕು

ಅರೇಬಿಕಾ ಕೊಯ್ಲು ಮುಗಿದು, ರೊಬಸ್ಟಾ ಒಣಗಿ ಚೀಲಕ್ಕೆ ಹೋಗಿ, ಕಣ ಖಾಲಿಯಾದ ದಿನ. ನನಗೆ ಅದು ಫೆಬ್ರವರಿ ಕೊನೆಯ ವಾರ. ಅಲ್ಲಿಂದ ಮೇ ಮಧ್ಯದವರೆಗೆ ಸಿಗುವ ಹನ್ನೊಂದು ಹನ್ನೆರಡು ವಾರ ದಿನಕ್ಕೆರಡು ಗಂಟೆ ಕೂತರೆ ಸಾಕು. ನಡುವೆ ಕಾಫಿ ಹೂ ಅರಳಿಸುವ ಹೂಮಳೆ ಬಂದೇ ಬರುತ್ತದೆ, ಬರಲಿ, ಅದು ಬಾರದಿದ್ದರೆ ಕಯಾಕ್ ಕಟ್ಟುವ ಮನಸ್ಸಾದರೂ ಎಲ್ಲಿರುತ್ತದೆ. ಆ ಎರಡು ಮೂರು ದಿನ ಎಪಾಕ್ಸಿ ಡಬ್ಬ ತೆರೆಯಬೇಡಿ, ಅಷ್ಟೇ. ಡಿಸೆಂಬರ್, ಜನವರಿಯಲ್ಲಿ ಗಾಳಿ ಒಣಗಿದ್ದರೂ ಬೆಳಗಿನ ಚಳಿಗೆ ಎಪಾಕ್ಸಿ ಗಟ್ಟಿಯಾಗದೆ ಎರಡು ದಿನ ಅಂಟಂಟಾಗಿ ಕೂತಿರುತ್ತದೆ.

ಮರ ಒಣಗಿದೆಯೇ ಎಂದು ನೋಡಲು ಮೀಟರ್ ಬೇಡ. ಕಾಫಿಗೆ ಮಾಡುವುದನ್ನೇ ಮಾಡಿ. ಹಲಗೆಯ ಒಂದು ತುಂಡನ್ನು ಕತ್ತರಿಸಿ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ದಿನಾ ಸಂಜೆ ತೂಗಿ ಗೋಡೆಯ ಮೇಲೆ ಬರೆದಿಡಿ. ತೂಕ ಇಳಿಯುತ್ತಾ ಬಂದು ಒಂದು ಕಡೆ ನಿಲ್ಲುತ್ತದೆ. ಎರಡು ಮೂರು ದಿನ ಅಲ್ಲೇ ನಿಂತರೆ ಹಲಗೆ ತಯಾರು.

ಪ್ಲೈವುಡ್ ಮತ್ತು ನೀರೊಲೆ

ನಾನು ಹೇಳುತ್ತಿರುವುದು ಹೊಲಿದು ಅಂಟಿಸುವ ಕ್ರಮ. ತೆಳು ಪ್ಲೈವುಡ್ ಹಲಗೆಗಳ ಅಂಚಿಗೆ ತೂತು ಕೊರೆದು ತಾಮ್ರದ ತಂತಿಯಿಂದ ಹೊಲಿದು, ಸಂದಿಗೆ ಎಪಾಕ್ಸಿ ತುಂಬಿ, ಮೇಲೆ ಗಾಜಿನ ನಾರಿನ ಫೈಬರ್‌ಗ್ಲಾಸ್ ಬಟ್ಟೆ ಹಾಕುವುದು. ನಮ್ಮ ಮನೆಯ ಬಾಗಿಲು ಕಿಟಕಿ ಎಲ್ಲ ಮಾಡಿದ ಆಚಾರ್ರಿಗೆ ಇದನ್ನು ಹೇಳಿದಾಗ ಅವರು ಎಲೆಯಡಿಕೆ ಉಗುಳಿ ಬಂದು ಕೇಳಿದರು:

"ಮೊಳೆ ಇಲ್ದೆ ದೋಣಿಯಾ ಅಕ್ಕ? ಹೊಲಿಯೋದಕ್ಕೆ ಅದೇನು ರವಿಕೆಯಾ?"

"ಹೌದು ಆಚಾರ್ರೇ, ರವಿಕೆ ಥರಾನೇ. ಅಳತೆ ತಪ್ಪಿದ್ರೆ ಬಿಗಿಯುತ್ತೆ."

ಅವರಿಗೆ ಹೇಳದೆ ಬಿಟ್ಟದ್ದನ್ನು ಇಲ್ಲಿ ಹೇಳುತ್ತೇನೆ. ಕಯಾಕ್ ಎನ್ನುವುದು ಇನ್ಯೂಟ್ ಜನರ ಮಾತು. ಮರವೇ ಬೆಳೆಯದ ಹಿಮದ ನಾಡಿನಲ್ಲಿ ಅವರು ಸಮುದ್ರ ತಂದು ಎಸೆದ ಮರದ ತುಂಡುಗಳಿಂದ ಚೌಕಟ್ಟು ಕಟ್ಟಿ, ಸೀಲ್ ಪ್ರಾಣಿಯ ಚರ್ಮವನ್ನು ಹೊಲಿದು ಹೊದಿಸುತ್ತಿದ್ದರು. ಪ್ಲೈವುಡ್ಡನ್ನು ತಂತಿಯಿಂದ ಹೊಲಿಯುವುದು 1960ರ ದಶಕದ ಬ್ರಿಟನ್ನಿನಲ್ಲಿ ಜನಪ್ರಿಯವಾಯಿತು. 1963ರಲ್ಲಿ ಮಾರಾಟಕ್ಕೆ ಬಂದ ಮಿರರ್ ಎಂಬ ಪುಟ್ಟ ಹಾಯಿದೋಣಿಯನ್ನು ಜನ ತಮ್ಮ ಮನೆಯಲ್ಲೇ ಹೀಗೆ ತಾಮ್ರದ ತಂತಿ ಹಾಕಿ ಕಟ್ಟಿಕೊಂಡರು. ಬಡಗಿಗಳಲ್ಲದವರಿಗೆಂದೇ ಹುಟ್ಟಿದ ಕೆಲಸ ಇದು, ನಮ್ಮಂಥವರಿಗೆ.

ಬೇಕಾದದ್ದು 4 ಮಿ.ಮೀ. ದಪ್ಪದ ಮೆರೈನ್, ಎಂದರೆ ನೀರು ತಡೆಯುವ, ಪ್ಲೈವುಡ್, ಎಂಟಡಿ ನಾಲ್ಕಡಿಯ ಮೂರು ಹಲಗೆ. ಹಲಗೆಯ ಮೇಲೆ ಐ.ಎಸ್. 710 ಎಂಬ ಮುದ್ರೆ ಇರಬೇಕು. ಐ.ಎಸ್. 303 ಎಂದಿದ್ದರೆ ಅದು ಅಡುಗೆಮನೆ ಕಪಾಟಿಗೆ. ಮುದ್ರೆಯನ್ನೂ ಪೂರ್ತಿ ನಂಬುವಂತಿಲ್ಲ. ನಾನು ಮೊದಲು ತಂದ ಅಂಗಡಿಯವರು ಮೆರೈನ್ ಎಂದು ಬಿಲ್ಲಿನಲ್ಲೇ ಬರೆದುಕೊಟ್ಟಿದ್ದರು. 710ರ ಪರೀಕ್ಷೆಯಲ್ಲಿ ತುಂಡನ್ನು 72 ಗಂಟೆ ಕುದಿಸುತ್ತಾರೆ ಎಂದು ಓದಿದ್ದೆ. ನಮ್ಮ ಬಚ್ಚಲಿನ ನೀರೊಲೆ ಹೇಗೂ ಬೆಳಗಾದರೆ ಉರಿಯುತ್ತದೆ, ಒಂದು ಅಂಗೈಯಗಲದ ತುಂಡನ್ನು ತಂತಿ ಕಟ್ಟಿ ಹಂಡೆಗೆ ಇಳಿಬಿಟ್ಟೆ. ಎರಡನೇ ದಿನವೇ ಪದರ ಬಿಚ್ಚಿ ಹಳೇ ಪುಸ್ತಕದ ಹಾಗೆ ಅರಳಿಕೊಂಡಿತು. ಸ್ನಾನದ ನೀರಿಗೆ ಅಂಟಿನ ವಾಸನೆ ಬಂತೆಂದು ಅತ್ತೆ ಎರಡು ದಿನ ಮಾತಾಡಲಿಲ್ಲ. ನೀವು ಬೇರೆ ಪಾತ್ರೆಯಲ್ಲಿ ಕುದಿಸಿ, ಆದರೆ ಕುದಿಸಿಯೇ ಕೊಳ್ಳಿ. ಜೊತೆಗೆ ಹಲಗೆಯ ಅಂಚನ್ನು ಸುತ್ತಲೂ ನೋಡಿ. ಪದರಗಳ ನಡುವೆ ಕಪ್ಪು ತೂತು ಕಂಡರೆ ಒಳಗೆ ಪೊಳ್ಳಿದೆ ಎಂದು ಅರ್ಥ, ಬಾಗಿಸುವಾಗ ಅಲ್ಲೇ ಮುರಿಯುತ್ತದೆ.

ಅಂಚುಪಟ್ಟಿಗೆ, ಹುಟ್ಟಿಗೆ ಗಟ್ಟಿ ಮರ ಬೇಕು. ಆಚಾರ್ರು ತೇಗ ತೇಗ ಎಂದರು. ತೇಗ ಭಾರ, ಅದರಲ್ಲಿ ಎಣ್ಣೆಯಂಶ ಇರುವುದರಿಂದ ಅಸಿಟೋನ್‌ನಿಂದ ಒರೆಸದೆ ಎಪಾಕ್ಸಿ ಹಿಡಿಯುವುದಿಲ್ಲ. ನಮ್ಮ ಹಳೇ ಮನೆಯ ಅಟ್ಟ ಕಳಚಿದಾಗ ಸಿಕ್ಕಿದ ಗಂಧಗರಿಗೆ ಹಲಗೆಗಳಿದ್ದವು. ಹಗುರ, ನೇರ ನಾರು, ಐವತ್ತು ವರ್ಷ ಒಲೆಯ ಹೊಗೆ ಕುಡಿದು ಒಣಗಿದ ಮರ. ಹತ್ತರಿ ಹಾಕಿದರೆ ಕೆಂಪಗೆ ಸುರುಳಿ ಸುರುಳಿ ಬರುತ್ತಿತ್ತು. ಅದು ಸಿಗದಿದ್ದರೆ ತೋಟದ ಸಿಲ್ವರ್ ಓಕ್ ಆದೀತು, ತುಸು ಭಾರ.

ಗೀಟು, ಕೊಯ್ತ, ಓರೆ

ನಕ್ಷೆಯನ್ನು ದುಡ್ಡು ಕೊಟ್ಟು ಕೊಳ್ಳಿ, ಸ್ವಂತ ಬುದ್ಧಿ ಬೇಡ. ತಳದ ಬಾಗು ಒಂದೆರಡು ಸೆಂಟಿಮೀಟರ್ ಆಚೀಚೆಯಾದರೆ ದೋಣಿ ನೆಟ್ಟಗೆ ಹೋಗುವುದಿಲ್ಲ. ನಕ್ಷೆಯಲ್ಲಿ ಪ್ರತಿ ಅಡಿಗೊಂದು ಚುಕ್ಕೆಯ ಅಳತೆ ಕೊಟ್ಟಿರುತ್ತಾರೆ. ಕಾಫಿ ಕಣದಂಥ ಜಾಗ ಇದಕ್ಕೆ ಬೇರೆ ಇಲ್ಲ, ಸಿಮೆಂಟಿನ ದೊಡ್ಡ ಕರಿಹಲಗೆ ಅದು. ಚುಕ್ಕೆಗಳ ಮೇಲೆ ಸಣ್ಣ ಮೊಳೆ ಹೊಡೆದು, ಗಂಟಿಲ್ಲದ ತೆಳು ರೀಪನ್ನು ಅವುಗಳಿಗೆ ತಾಗಿಸಿ ಬಗ್ಗಿಸಿ ಗೀಟು ಎಳೆಯಿರಿ. ಗೀಟು ಎಳೆಯುವ ಮೊದಲು ಬೋರಲು ಮಲಗಿ, ಒಂದು ಕಣ್ಣು ಮುಚ್ಚಿ ರೀಪಿನುದ್ದಕ್ಕೂ ನೋಡಿ. ಒಂದು ಮೊಳೆ ತಪ್ಪಿದ್ದರೂ ಅಲ್ಲೊಂದು ಗೂನು ಕಾಣುತ್ತದೆ. ಆಗ ನಕ್ಷೆಗಿಂತ ರೀಪನ್ನೇ ನಂಬಿ.

ಎಂಟಡಿಯ ಹಲಗೆಯಿಂದ ಹದಿಮೂರೂವರೆ ಅಡಿ ಬರಬೇಕಾದರೆ ಎರಡನ್ನು ಜೋಡಿಸಬೇಕು. ಎರಡೂ ಅಂಚುಗಳನ್ನು ಓರೆಯಾಗಿ ಹತ್ತರಿಯಿಂದ ಹೆರೆದು ಒಂದರ ಮೇಲೊಂದು ಕೂರಿಸಿ ಅಂಟಿಸುತ್ತೇವೆ. ಓರೆಯ ಅಗಲ ದಪ್ಪದ ಎಂಟು ಪಟ್ಟು, ಎಂದರೆ 4 ಮಿ.ಮೀ.ಗೆ 32 ಮಿ.ಮೀ. ಕೇಳಲು ಭಯ, ಮಾಡಲು ಸುಖ. ಹಲಗೆಗಳನ್ನು ಮೆಟ್ಟಿಲಿನಂತೆ ಒಂದೊಂದೂ 32 ಮಿ.ಮೀ. ಹಿಂದಕ್ಕೆ ಸರಿಸಿ ಜೋಡಿಸಿ ಕ್ಲ್ಯಾಂಪ್ ಹಾಕಿ, ಎಲ್ಲವನ್ನೂ ಒಟ್ಟಿಗೆ ಹೆರೆಯಿರಿ. ಪ್ಲೈವುಡ್ಡಿನ ಪದರಗಳು ತಿಳಿ ಕಪ್ಪು ಪಟ್ಟೆಗಳಾಗಿ ಕಾಣತೊಡಗುತ್ತವೆ. ಪಟ್ಟೆ ನೆಟ್ಟಗಿದ್ದರೆ ಓರೆ ಸಮವಾಗಿದೆ, ಎಲ್ಲಿ ಸೊಟ್ಟಗಾಯಿತೋ ಅಲ್ಲಿ ಕೈ ಹೆಚ್ಚು ಒತ್ತಿದ್ದೀರಿ. ಅಂಟು ಹಾಕಿ, ಎರಡೂ ಬದಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು, ಮೇಲೆ ಒಂದು ಪಟ್ಟಿ, ಅದರ ಮೇಲೆ ಎರಡು ಸಿಮೆಂಟ್ ಬ್ಲಾಕ್. ಪ್ಲಾಸ್ಟಿಕ್ ಮರೆತರೆ ದೋಣಿ ಕಣದ್ದೇ ಆಗುತ್ತದೆ.

ಹೊಲಿಗೆ

ತಂತಿಗಾಗಿ ಎಲ್ಲೂ ಅಲೆಯಬೇಡಿ. ಪಂಪಿನ ಮೋಟಾರ್ ವೈಂಡಿಂಗ್ ಮಾಡುವವರ ಹತ್ತಿರ ಸುಟ್ಟ ಮೋಟಾರಿನಿಂದ ತೆಗೆದ ತಾಮ್ರದ ತಂತಿ ಕೆ.ಜಿ. ಲೆಕ್ಕದಲ್ಲಿ ಸಿಗುತ್ತದೆ. 1 ಮಿ.ಮೀ. ದಪ್ಪದ್ದನ್ನು ಆರಿಸಿ, ನಾಲ್ಕು ಇಂಚಿನ ತುಂಡು ಮಾಡಿ. ಹಲಗೆಯ ಅಂಚಿನಿಂದ 8 ಮಿ.ಮೀ. ಒಳಗೆ, ನಾಲ್ಕು ಇಂಚಿಗೊಂದರಂತೆ ತೂತು. ಎರಡು ತಳದ ಹಲಗೆಗಳನ್ನು ಪುಸ್ತಕದಂತೆ ಒಂದರ ಮೇಲೊಂದು ಇಟ್ಟು, ನಡುಬೆನ್ನಿನುದ್ದಕ್ಕೂ ತಂತಿ ಹಾಕಿ ಸಡಿಲವಾಗಿ ತಿರುಚಿ. ಆಮೇಲೆ ಎರಡನ್ನೂ ತೆರೆಯಿರಿ.

ಇಡೀ ಕೆಲಸದಲ್ಲಿ ಮೈ ಜುಮ್ಮೆನ್ನುವ ಗಳಿಗೆ ಇದೊಂದೇ. ಒಂದು ವಾರದಿಂದ ಕಾಲಿಗೆ ಸಿಕ್ಕಿಕೊಳ್ಳುತ್ತಿದ್ದ ಚಪ್ಪಟೆ ಹಲಗೆ, ರೆಕ್ಕೆ ಬಿಚ್ಚಿದಂತೆ ತೆರೆದು, ತುದಿಗಳು ತಾವಾಗಿಯೇ ಮೇಲಕ್ಕೆ ಬಾಗಿ ದೋಣಿಯ ಹೊಟ್ಟೆಯಾಗುತ್ತದೆ. ಆಚಾರ್ರು ಆ ದಿನ ಪಕ್ಕದ ಮನೆಯ ಕೆಲಸ ಬಿಟ್ಟು ಬಂದು ನಿಂತಿದ್ದರು. ಏನೂ ಹೇಳಲಿಲ್ಲ. ಬೆರಳಿನಿಂದ ತಳದ ಬಾಗನ್ನು ಮುಟ್ಟಿ ನೋಡಿ, "ಇನ್ನೊಂದು ಎಳೆ ಬಿಗೀರಿ ಅಕ್ಕ, ಇಲ್ಲಿ ಸಂದಿ ಇದೆ" ಎಂದರು. ಅಲ್ಲಿಂದ ಅವರೂ ಕೆಲಸಕ್ಕೆ ಸೇರಿದ ಲೆಕ್ಕ. ಬದಿಯ ಹಲಗೆಗಳನ್ನು ಇಬ್ಬರೂ ಸೇರಿ ಅರ್ಧ ದಿನದಲ್ಲಿ ಹೊಲಿದೆವು.

ಅಂಟು ಹಾಕುವ ಮೊದಲು ದೋಣಿ ತಿರುಚಿಕೊಂಡಿದೆಯೇ ನೋಡಬೇಕು. ಕಣಕ್ಕೆ ಮಳೆನೀರು ಹರಿಯಲೆಂದು ಓರೆ ಕೊಟ್ಟಿರುತ್ತಾರೆ, ನೆಲವನ್ನು ನಂಬಬೇಡಿ. ಸ್ಟ್ಯಾಂಡುಗಳನ್ನು ರಸಮಟ್ಟ ಇಟ್ಟು ಸರಿಮಾಡಿ. ಮುಂದೊಂದು, ಹಿಂದೊಂದು ನೇರ ರೀಪನ್ನು ದೋಣಿಗೆ ಅಡ್ಡಲಾಗಿ ಇಟ್ಟು, ಮುಂದೆ ಕುಕ್ಕರುಗಾಲಲ್ಲಿ ಕೂತು ಎರಡನ್ನೂ ಒಂದೇ ಗೆರೆಯಲ್ಲಿ ನೋಡಿ. ಹಿಂದಿನ ರೀಪಿನ ಒಂದು ತುದಿ ಮೇಲೆದ್ದು ಕಂಡರೆ ದೋಣಿ ಸೊಟ್ಟಗಿದೆ. ಈಗ ತಿದ್ದಲು ಎರಡು ನಿಮಿಷ. ಎಪಾಕ್ಸಿ ಹಾಕಿದ ಮೇಲೆ ಬ್ರಹ್ಮ ಬಂದರೂ ಆಗದು.

ಎಪಾಕ್ಸಿ

ಟ್ಯಾಂಕ್ ರಿಪೇರಿ, ಕಾರಿನ ಬಾಡಿ ಕೆಲಸದವರು ಬಳಸುವ ಮೂಗು ಸುಡುವ ವಾಸನೆಯ ರೆಸಿನ್ ಪಾಲಿಯೆಸ್ಟರ್. ಅಗ್ಗ ಎಂದು ಅದನ್ನು ತರಬೇಡಿ, ಮರವನ್ನು ಅದು ಬಹಳ ದಿನ ಹಿಡಿಯುವುದಿಲ್ಲ. ಎಪಾಕ್ಸಿಯೇ ಬೇಕು, ಹಾರ್ಡನರೂ ಸೇರಿ ಸುಮಾರು ಆರು ಕೆ.ಜಿ. ಬೆರೆಸುವ ಪ್ರಮಾಣ ಒಂದೊಂದು ಕಂಪನಿಗೆ ಒಂದೊಂದು: ಕೆಲವಕ್ಕೆ ಎರಡಕ್ಕೆ ಒಂದು, ಕೆಲವಕ್ಕೆ ತೂಕದಲ್ಲಿ ನೂರಕ್ಕೆ ಹತ್ತು. ಡಬ್ಬದ ಮೇಲಿದ್ದದ್ದೇ ವೇದ. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಜಾಸ್ತಿ ಹಾಕಿದರೆ ಬೇಗ ಆಗುವುದಿಲ್ಲ, ಕೆಡುತ್ತದೆ. ತಕ್ಕಡಿಯಲ್ಲಿ ತೂಗಿ, ಎರಡು ನಿಮಿಷ ಪೂರ್ತಿ ಕಲಕಿ, ಡಬ್ಬದ ಬದಿ ಮತ್ತು ತಳ ಕೆರೆದು ಮತ್ತೆ ಕಲಕಿ.

ಒಂದು ಸಲಕ್ಕೆ ಸ್ವಲ್ಪವೇ ಬೆರೆಸಿ. ನಾನೊಮ್ಮೆ ಮೊಸರಿನ ಡಬ್ಬದಲ್ಲಿ ಅರ್ಧ ಕೆ.ಜಿ. ಬೆರೆಸಿಟ್ಟು ಫೋನ್ ಬಂತೆಂದು ಹೋದೆ. ತಿರುಗಿ ಬರುವಾಗ ಡಬ್ಬದಿಂದ ಹೊಗೆ ಏಳುತ್ತಿತ್ತು, ತಳ ಕರಗಿ ಬೆಂಚಿಗೆ ಅಂಟಿತ್ತು. ಎಪಾಕ್ಸಿ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ, ಆಳದ ಪಾತ್ರೆಯಲ್ಲಿ ಆ ಬಿಸಿ ಹೊರಹೋಗಲಾರದೆ ಇನ್ನೂ ಬಿಸಿ ಹುಟ್ಟಿಸುತ್ತದೆ. ಬೆರೆಸಿದ ಕೂಡಲೇ ಅಗಲದ ತಟ್ಟೆಗೆ ಸುರಿದುಬಿಡಿ. ಕೈಗವಸು ಯಾವಾಗಲೂ ಇರಲಿ. ಒಮ್ಮೆ ಚರ್ಮಕ್ಕೆ ಅಲರ್ಜಿ ಹತ್ತಿದರೆ ಮತ್ತೆ ಎಪಾಕ್ಸಿ ಮುಟ್ಟುವಂತಿಲ್ಲ.

ಸಂದಿ ತುಂಬಲು ಎಪಾಕ್ಸಿಗೆ ನಯವಾದ ಮರದ ಹುಡಿ ಬೆರೆಸಬೇಕು. ಗರಗಸದ ಹುಡಿ ತರಿ ತರಿ, ಬೇಡ. ಸ್ಯಾಂಡಿಂಗ್ ಮೆಷಿನ್ನಿನ ಚೀಲದಲ್ಲಿ ಸಿಗುವ, ಅಕ್ಕಿಹಿಟ್ಟಿನಂಥ ಹುಡಿಯನ್ನು ಆಚಾರ್ರು ಎರಡು ತಿಂಗಳು ನನಗಾಗಿ ಕೂಡಿಟ್ಟರು. ಹದ ಎಂದರೆ ಗಟ್ಟಿ ಕಾಯಿಚಟ್ನಿ: ಚಮಚ ಬೋರಲು ಮಾಡಿದರೂ ಬೀಳಬಾರದು, ಸವರಿದರೆ ಹರಿಯಬಾರದು. ಮೊದಲು ತಂತಿಗಳ ನಡುವೆ ಮಾತ್ರ ಚುಕ್ಕೆ ಚುಕ್ಕೆಯಾಗಿ ಹಾಕಿ, ಗಟ್ಟಿಯಾದ ಮೇಲೆ ತಂತಿ ಎಳೆದು ತೆಗೆಯಿರಿ. ಬಾರದಿದ್ದರೆ ಬೆಸುಗೆ ಕಡ್ಡಿಯಿಂದ (ಸೋಲ್ಡರಿಂಗ್ ಐರನ್) ತಂತಿಯನ್ನು ತುಸು ಬಿಸಿ ಮಾಡಿ, ಬೆಣ್ಣೆಯಿಂದ ಎಳೆದಂತೆ ಬರುತ್ತದೆ. ನಂತರ ಸಂದಿಯುದ್ದಕ್ಕೂ ತುಂಬಿ, ಸೌಟಿನ ಬೆನ್ನಿನಿಂದ ಒಂದೇ ಎಳೆತದಲ್ಲಿ ಸವರಿ. ಅದು ಹಸಿ ಇರುವಾಗಲೇ ಮೇಲೆ ಮೂರಿಂಚಿನ ಫೈಬರ್‌ಗ್ಲಾಸ್ ಪಟ್ಟಿ.

ಹೊರಮೈಗೆ ಚದರ ಮೀಟರಿಗೆ 200 ಗ್ರಾಂ ತೂಕದ ಬಟ್ಟೆ. ಒಣ ಬಟ್ಟೆ ಹಾಸಿ, ಸುಕ್ಕು ಬಿಡಿಸಿ, ನಡುವಿನಿಂದ ಅಂಚಿಗೆ ಎಪಾಕ್ಸಿ ಹರಡುತ್ತಾ ಬನ್ನಿ. ಬಿಳಿ ಬಟ್ಟೆ ಕಣ್ಣೆದುರೇ ಮಾಯವಾಗಿ ಮರದ ನರ ಎದ್ದು ಕಾಣುತ್ತದೆ. ಹಳೇ ಎ.ಟಿ.ಎಂ. ಕಾರ್ಡಿನಿಂದ ಹೆಚ್ಚಾದದ್ದನ್ನು ಎಳೆದು ತೆಗೆಯಿರಿ, ಹೊಳೆಯುವಷ್ಟು ಉಳಿದರೆ ಅದು ತೂಕ ಮಾತ್ರ. ಈ ಕೆಲಸ ಸಂಜೆ ನಾಲ್ಕರ ಮೇಲೆಯೇ ಆಗಬೇಕು. ಬೆಳಗ್ಗೆ ಬಳಿದರೆ ಬಿಸಿಲೇರಿದಂತೆ ಮರದೊಳಗಿನ ಗಾಳಿ ಹಿಗ್ಗಿ, ಹಸಿ ಎಪಾಕ್ಸಿಯ ತುಂಬ ಗುಳ್ಳೆ ಎಬ್ಬಿಸುತ್ತದೆ. ಸಂಜೆ ಮರ ತಣಿಯುತ್ತಾ ಎಪಾಕ್ಸಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ರಾತ್ರಿ ಇಬ್ಬನಿ ಬೀಳುವ ಮೊದಲು ಗೋದಾಮಿನೊಳಗೆ ಸೇರಿಸಿ.

ಕೂರುವ ಜಾಗದ ಹಿಂದೆ ಮುಂದೆ ಅಡ್ಡಹಲಗೆ ಹಾಕಿ ಎರಡೂ ತುದಿಯನ್ನು ಮುಚ್ಚಳ ಇರುವ ಗಾಳಿಗೂಡು ಮಾಡಬೇಕು. ದೋಣಿ ಮಗುಚಿದರೂ ಮುಳುಗದಿರುವುದು ಇದರಿಂದ. ಒಂದೊಂದು ಅಡ್ಡಹಲಗೆಗೂ ಗುಂಡುಸೂಜಿಯಷ್ಟು ಒಂದು ತೂತು ಬಿಡಿ. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿದಾಗ ದಾರಿ ಇಲ್ಲದಿದ್ದರೆ ಅಂಟನ್ನೇ ಬಿಚ್ಚುತ್ತದೆ. ಮೇಲುಹೊದಿಕೆ ಕೂರಿಸುವುದು, 80, 120, 220ರ ಕಾಗದದಲ್ಲಿ ಉಜ್ಜುವುದು, ಇವುಗಳಲ್ಲಿ ಹೇಳುವಂಥದ್ದೇನಿಲ್ಲ, ಬೆನ್ನು ನೋವು ಬಿಟ್ಟರೆ. ಮಾಸ್ಕ್ ಹಾಕಿ, ತುಂಬುತೋಳು ತೊಡಿ, ಗಾಜಿನ ಹುಡಿಯ ತುರಿಕೆ ತುರುಚೆಗಿಂತ ಕಡೆ. ಕೊನೆಗೆ ಬಿಸಿಲು ತಡೆಯುವ ವಾರ್ನಿಷ್ ಮೂರು ಸಲ. ಬರಿಯ ಎಪಾಕ್ಸಿ ಬಿಸಿಲಿನಲ್ಲಿ ಹಳದಿಯಾಗಿ ಸೀಳುತ್ತದೆ.

ನೀರಿಗೆ

ಮೇ ತಿಂಗಳಲ್ಲಿ ನಮ್ಮ ತೋಟದ ಕೆರೆಯಲ್ಲಿ ಎದೆಮಟ್ಟ ನೀರು. ಹೂವಿಗೆ ಸ್ಪ್ರಿಂಕ್ಲರ್ ಹೊಡೆದು ಉಳಿದದ್ದು. ಮೊದಲ ಸಲಕ್ಕೆ ಅದೇ ಒಳ್ಳೆಯದು, ಮಗುಚಿದರೆ ಎದ್ದು ನಿಲ್ಲಬಹುದು. ಬೇಕೆಂದೇ ಮಗುಚಿ, ಹೊರಗೆ ಬಂದು, ಮತ್ತೆ ಹತ್ತುವುದನ್ನು ಹತ್ತು ಸಲ ಮಾಡಿ. ನಾನು ಕೆಸರು ಮೆತ್ತಿಕೊಂಡು ಎದ್ದಾಗಲೆಲ್ಲ ದಡದಲ್ಲಿ ಆಚಾರ್ರು ಎಣಿಸುತ್ತಿದ್ದರು.

ಇದು ನಿಂತ ನೀರಿನ ದೋಣಿ. ಮಳೆಗಾಲದಲ್ಲಿ ಬರಪೊಳೆ ಎಂಬ ಹೊಳೆಯಲ್ಲಿ ರ್‍ಯಾಫ್ಟ್ ಹೋಗುತ್ತದೆಂದು ಇದನ್ನು ಅಲ್ಲಿಗೆ ಒಯ್ಯಬೇಡಿ, ಮೊದಲ ಬಂಡೆಗೇ ನಾಲ್ಕು ಮಿಲಿಮೀಟರ್ ಪ್ಲೈವುಡ್ ಪುಡಿ. 2019ರ ಆಗಸ್ಟಿನಲ್ಲಿ ನೆಲ್ಯಹುದಿಕೇರಿ, ಕರಡಿಗೋಡಿನ ಮನೆಗಳಿಗೆ ಕಾವೇರಿ ನುಗ್ಗಿದ್ದನ್ನು ಕಂಡವರು ನೆರೆ ಬಂದಾಗ ನಿನ್ನ ದೋಣಿ ಆಗುತ್ತದೆ ಎನ್ನುತ್ತಾರೆ. ಆಗುವುದಿಲ್ಲ. ಕೆಂಪು ನೀರಲ್ಲಿ ತೇಲಿಬರುವ ಒಂದು ಮರದ ದಿಮ್ಮಿ ಸಾಕು. ಜನವರಿಯಿಂದ ಮಾರ್ಚ್‌ವರೆಗೆ ತಿಳಿಯಾಗಿ ನಿಧಾನ ಹರಿಯುವ ಕಾವೇರಿಯಾದರೆ ಸರಿ, ಅದೂ ಹಗಲಲ್ಲಿ. ದುಬಾರೆ ಕಡೆ ಕಾಡಂಚಿನಲ್ಲಿ ಮುಂಜಾನೆ, ಮುಸ್ಸಂಜೆ ಆನೆ ಹೊಳೆ ದಾಟುವ ಹೊತ್ತು. ಹಾರಂಗಿ, ಚಿಕ್ಲಿಹೊಳೆ ಅಣೆಕಟ್ಟುಗಳ ನೀರಿಗೆ ಇಳಿಯುವ ಮೊದಲು ಅಲ್ಲಿಯ ಕಚೇರಿಯಲ್ಲಿ ಕೇಳಿ ಅನುಮತಿ ಪಡೆಯಿರಿ. ಲೈಫ್ ಜಾಕೆಟ್ ಸೀಟಿನ ಹಿಂದೆ ಅಲ್ಲ, ಮೈಮೇಲೆ.

ಮಳೆಗಾಲದಲ್ಲಿ

ಜೂನ್ ಬಂದರೆ ದೋಣಿ ಅಟ್ಟಕ್ಕೆ. ಹಗ್ಗ ಕಟ್ಟಿ ತೂಗುಹಾಕಿದರೆ ಹಗ್ಗದ ಗುರುತು ಮೂಡಿ ತಳ ತಗ್ಗುತ್ತದೆ. ಹಳೇ ಜೀಪಿನ ಸೀಟ್‌ಬೆಲ್ಟ್ ಎರಡು ಸಿಕ್ಕಿದ್ದವು, ಅದರ ಮೇಲೆ ಬೋರಲಾಗಿ ಮಲಗಿಸಿದ್ದೇನೆ. ಗಾಳಿಗೂಡಿನ ಮುಚ್ಚಳಗಳನ್ನು ಬಿಚ್ಚಿಡಲೇಬೇಕು, ಮುಚ್ಚಿಟ್ಟರೆ ಒಳಗೆ ಆಗಸ್ಟ್ ಹೊತ್ತಿಗೆ ಬೂಷ್ಟು. ಬಿಚ್ಚಿಟ್ಟರೆ ಇಲಿ. ಹೋದ ವರ್ಷ ಸೀಟಿನ ಸ್ಪಂಜನ್ನೆಲ್ಲ ಕಿತ್ತು ಮುಂಬದಿಯ ಗೂಡಿನಲ್ಲಿ ಐದು ಮರಿ ಹಾಕಿತ್ತು. ಈಗ ಮುಚ್ಚಳದ ಬದಲು ಕಾಫಿ ಜಾಲರಿಯ ತುಂಡು ಕಟ್ಟುತ್ತೇನೆ, ಗಾಳಿ ಆಡುತ್ತದೆ, ಇಲಿ ನುಗ್ಗುವುದಿಲ್ಲ.

ಅಟ್ಟಕ್ಕೆ ಏರಿಸುವ ಮೊದಲು ತಳದುದ್ದಕ್ಕೂ ಬೆರಳಾಡಿಸಿ ಗೀರುಗಳನ್ನು ಹುಡುಕಿ. ಗೀರಿನ ಸುತ್ತ ಮರ ಕಪ್ಪಾಗಿದ್ದರೆ ಅಲ್ಲಿ ನೀರು ಒಳಹೋಗಿದೆ. ಅದರ ಮೇಲೆ ಅವಸರಕ್ಕೆ ಎಪಾಕ್ಸಿ ಹಚ್ಚಿದರೆ ಒಳಗಿನ ನೀರನ್ನು ಬೀಗ ಹಾಕಿ ಇಟ್ಟಂತೆ. ಕಪ್ಪಾದಷ್ಟನ್ನು ಕೆರೆದು, ಬಿಟ್ಟು, ಸುತ್ತ ಪೆನ್ಸಿಲ್ಲಿನಲ್ಲಿ ಒಂದು ವೃತ್ತ ಹಾಕಿ. ಮುಂದಿನ ಫೆಬ್ರವರಿಯಲ್ಲಿ, ಕಣ ಖಾಲಿಯಾದ ಮೇಲೆ, ಆ ವೃತ್ತಗಳನ್ನು ಹುಡುಕಿ ತುಂಬಿದರಾಯಿತು. ಈ ಸಲ ನನ್ನದಕ್ಕೆ ಮೂರು ವೃತ್ತ ಇವೆ. ಒಂದು ಆಚಾರ್ರು ಹಾಕಿದ್ದು, ಅವರು ದೋಣಿ ಒಯ್ದು ಬಂಡೆಗೆ ಕೊಟ್ಟ ದಿನದ್ದು.